"ಎನಿ ಪೀಕ್" ಒಂದು ಕಡೆ ತಪ್ಪು, ಇನ್ನೊಂದು ಕಡೆ ಸರಿ. ಯಾಕೆ? (ಡಿಗ್ರೀಸ್ ಆಫ್ ಕಂಪ್ಯಾರಿಸನ್)

ಕಾಫಿನಾಡಿನ ಅಪ್ಪ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಗ್ರಾಮರ್ ಗೊತ್ತಿರುವವರು ಸ್ವಲ್ಪ ನೋಡಿ.

ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ಡಿಗ್ರೀಸ್ ಆಫ್ ಕಂಪ್ಯಾರಿಸನ್ (ಟಾಲ್, ಟಾಲರ್, ಟಾಲೆಸ್ಟ್ ಥರದ ಹೋಲಿಕೆಯ ರೂಪಗಳು) ಮೇಲೆ ಟೆಸ್ಟ್ ಇತ್ತು, ಪೇಪರ್ ಮನೆಗೆ ಬಂದಿದೆ. ಒಂದು ಪ್ರಶ್ನೆ ಹೀಗಿದೆ: "ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ." ಇದನ್ನು ಕಂಪ್ಯಾರಿಟಿವ್‌ಗೆ ಬದಲಾಯಿಸಬೇಕು. ಇವಳು ಬರೆದಿದ್ದು, "ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ." ತಪ್ಪು ಅಂತ ಕೆಂಪು ಗೆರೆ ಬಿದ್ದಿದೆ. ಪಕ್ಕದಲ್ಲಿ "ಅದರ್" ಅಂತ ಬರೆದಿದ್ದಾರೆ. ಸರಿ, "ಎನಿ ಅದರ್ ಪೀಕ್" ಅಂತ ಇರಬೇಕಿತ್ತು, ಒಪ್ಪೋಣ.

ಅದರ ಕೆಳಗೇ ಬಿಟ್ಟ ಸ್ಥಳ ತುಂಬುವ ಪ್ರಶ್ನೆ. "ಆನೈಮುಡಿ ಈಸ್ ಹೈಯರ್ ದ್ಯಾನ್ ಡ್ಯಾಶ್ ಪೀಕ್ ಇನ್ ಕರ್ನಾಟಕ." ಇಲ್ಲೂ ಇವಳು "ಎನಿ" ಅಂತಲೇ ಹಾಕಿದ್ದಾಳೆ. ಇದಕ್ಕೆ ಮಾರ್ಕ್ಸ್ ಕೊಟ್ಟಿದ್ದಾರೆ! ಒಂದೇ ಉತ್ತರ, ಮೇಲಿನ ಸಾಲಿನಲ್ಲಿ ತಪ್ಪು, ಕೆಳಗಿನ ಸಾಲಿನಲ್ಲಿ ಸರಿ. ಪೇಪರ್ ತಿದ್ದುವಾಗ ಕೈ ತಪ್ಪಿತೋ, ಅಥವಾ ಇದರಲ್ಲಿ ಏನಾದರೂ ವಿಷಯ ಇದೆಯೋ?

ಮಗಳ ನೋಟ್ಸಿನಲ್ಲಿ ಮೂರು ಸಾಲಿನ ಫಾರ್ಮುಲಾ ಇದೆ. ಪಾಸಿಟಿವ್ ಅಂದ್ರೆ "ನೋ ಅದರ್ … ಆ್ಯಸ್ … ಆ್ಯಸ್". ಕಂಪ್ಯಾರಿಟಿವ್ ಅಂದ್ರೆ "ಎರ್ ದ್ಯಾನ್ ಎನಿ ಅದರ್". ಸೂಪರ್ಲೇಟಿವ್ ಅಂದ್ರೆ "ದ … ಎಸ್ಟ್". ಅದನ್ನು ಮಗ್ಗಿ ತರಹ ಉರು ಹೊಡೆದಿದ್ದಾಳೆ. ಆದರೆ ಈ ಆನೈಮುಡಿ ವಾಕ್ಯ ಆ ಫಾರ್ಮುಲಾಗೆ ಕೂರುವುದಿಲ್ಲ ಅಲ್ವಾ? ನಾನು ಓದಿದ್ದು ಕನ್ನಡ ಮೀಡಿಯಂ, ವ್ಯವಹಾರಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಬರುತ್ತೆ, ಕಾರಣ ಕೇಳಿದರೆ ಹೇಳಲು ಬರುವುದಿಲ್ಲ. ಅವಳಂತೂ ಬಿಡುತ್ತಿಲ್ಲ, "ಯಾಕಪ್ಪಾ, ಯಾಕಪ್ಪಾ" ಅಂತ ಹಿಂದೆ ಬಿದ್ದಿದ್ದಾಳೆ.


ಬೇಲೂರು ಎಕ್ಸಾಂ ವಾರಿಯರ್

ಸಾರ್, ನಾನು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಜನರಲ್ ಇಂಗ್ಲಿಷ್‌ನಲ್ಲಿ ಇಂಥದ್ದು ಬಂದೇ ಬರುತ್ತೆ. ನಮ್ಮ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದು ಇಷ್ಟೇ: ಸೂಪರ್ಲೇಟಿವ್ ಕೊಟ್ಟು ಕಂಪ್ಯಾರಿಟಿವ್ ಮಾಡಿ ಅಂದರೆ ಕಣ್ಣು ಮುಚ್ಚಿ "ಎನಿ ಅದರ್" ಹಾಕು. ಯೋಚನೆ ಮಾಡಿದರೆ ಟೈಮ್ ವೇಸ್ಟು. ಆನೈಮುಡಿ ಪ್ರಶ್ನೆಯಲ್ಲಿ ಸೂಪರ್ಲೇಟಿವ್ ಕೊಟ್ಟಿಲ್ಲ, ಹಾಗಾಗಿ ಅದು ಬೇರೆ ಟೈಪು. ಮಗಳಿಗೆ ಹಾಗೇ ಹೇಳಿಬಿಡಿ.


ಅರಸೀಕೆರೆ ಮೇಷ್ಟ್ರು

ಕಣ್ಣು ಮುಚ್ಚಿ ಹಾಕಬೇಡಿ ಸ್ವಾಮಿ, ಕಣ್ಣು ತೆರೆದರೆ ಇದು ತುಂಬಾ ಸುಲಭ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವನು ನಾನು, ಈ ಫಾರ್ಮುಲಾ ಹಾವಳಿ ನೋಡಿ ನೋಡಿ ಸಾಕಾಗಿದೆ. ಪೇಪರ್ ತಿದ್ದಿದವರು ಸರಿಯಾಗೇ ತಿದ್ದಿದ್ದಾರೆ. ಪ್ರಶ್ನೆಯನ್ನೂ ಚೆನ್ನಾಗಿ ಇಟ್ಟಿದ್ದಾರೆ, ಬೇಕಂತಲೇ ಎರಡನ್ನು ಒಂದರ ಕೆಳಗೆ ಒಂದು ಕೊಟ್ಟಿದ್ದಾರೆ ಅನ್ನಿಸುತ್ತೆ.

ನೋಡಿ, ಮುಳ್ಳಯ್ಯನಗಿರಿ ಎಲ್ಲಿದೆ? ಕರ್ನಾಟಕದಲ್ಲಿ, ನಿಮ್ಮ ಮನೆಯ ಹಿತ್ತಲಲ್ಲೇ ಅನ್ನಿ. ಎತ್ತರ 1,930 ಮೀಟರ್. ಈಗ "ಎನಿ ಪೀಕ್ ಇನ್ ಕರ್ನಾಟಕ" ಅಂದರೆ ಕರ್ನಾಟಕದ ಎಲ್ಲ ಶಿಖರಗಳೂ ಬಂದವು. ಬಾಬಾಬುಡನ್‌ಗಿರಿ ಬಂತು, ಕುದುರೆಮುಖ ಬಂತು, ಪುಷ್ಪಗಿರಿ ಬಂತು. ಮುಳ್ಳಯ್ಯನಗಿರಿಯೂ ಬಂತು! ಅಂದರೆ ನಿಮ್ಮ ಮಗಳ ವಾಕ್ಯದ ಪ್ರಕಾರ ಮುಳ್ಳಯ್ಯನಗಿರಿ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಅದು ಹೇಗೆ ಸಾಧ್ಯ? ಅದಕ್ಕೇ "ಅದರ್" ಹಾಕಿ ಅದನ್ನು ಆ ಗುಂಪಿನಿಂದ ಆಚೆ ನಿಲ್ಲಿಸುತ್ತೇವೆ. ಉಳಿದ ಎಲ್ಲದಕ್ಕಿಂತ ಎತ್ತರ ಅಂತ.

ಆನೈಮುಡಿ ಇರುವುದು ಕೇರಳದ ಇಡುಕ್ಕಿಯಲ್ಲಿ. 2,695 ಮೀಟರ್, ಪಶ್ಚಿಮಘಟ್ಟದಲ್ಲೇ ಅತಿ ಎತ್ತರ. ಅದು ಕರ್ನಾಟಕದ ಶಿಖರಗಳ ಗುಂಪಿನಲ್ಲಿ ಮೊದಲೇ ಇಲ್ಲ. ಇಲ್ಲದ್ದನ್ನು ಆಚೆ ಹಾಕುವುದು ಏನನ್ನು? ಅಲ್ಲಿ "ಎನಿ ಅದರ್ ಪೀಕ್ ಇನ್ ಕರ್ನಾಟಕ" ಅಂತ ಬರೆದರೆ ಆನೈಮುಡಿಯೂ ಕರ್ನಾಟಕದಲ್ಲೇ ಇದೆ ಅಂತ ಅರ್ಥ ಬರುತ್ತೆ. ಕೇರಳದವರು ಸುಮ್ನೆ ಬಿಡ್ತಾರಾ?

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ನಾನು ಹೇಳುತ್ತಿರುವ ವಸ್ತು ಆ ಗುಂಪಿನ ಒಳಗಿದೆಯೋ, ಹೊರಗಿದೆಯೋ? ಒಳಗಿದ್ದರೆ "ಅದರ್" ಬೇಕು. ಹೊರಗಿದ್ದರೆ ಬೇಡ. ಸೂಪರ್ಲೇಟಿವ್ ಕೊಟ್ಟಿದ್ದಾರೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. "ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ರಾಜಸ್ಥಾನ್" ಅನ್ನಿ, ಪೂರ್ತಿ ಸರಿ. ಅಲ್ಲಿಯ ದೊಡ್ಡ ಶಿಖರ ಗುರುಶಿಖರ 1,722 ಮೀಟರ್, ಮುಳ್ಳಯ್ಯನಗಿರಿ ರಾಜಸ್ಥಾನದಲ್ಲಿ ಇಲ್ಲ, "ಅದರ್" ಕೆಲಸವೇ ಇಲ್ಲ.

ಪಾಸಿಟಿವ್‌ನಲ್ಲೂ ಇದೇ ಲೆಕ್ಕ. "ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ." ಆದರೆ "ನೋ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಆನೈಮುಡಿ." ಎರಡನೆಯದರಲ್ಲಿ "ಅದರ್" ಬಿದ್ದುಹೋಯಿತು.

ಸೂಪರ್ಲೇಟಿವ್ ಬಂದಾಗ ಕಥೆ ಉಲ್ಟಾ. ಅಲ್ಲಿ ವಸ್ತು ಗುಂಪಿನ ಒಳಗೇ ಇರಬೇಕು. "ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಆಫ್ ಆಲ್ ಅದರ್ ಪೀಕ್ಸ್" ಅಂತ ಎಷ್ಟೋ ಮಕ್ಕಳು ಬರೆಯುತ್ತಾರೆ, ದೊಡ್ಡವರ ಭಾಷಣದಲ್ಲೂ ಕೇಳಿದ್ದೇನೆ. ಅದು ತಪ್ಪು. ಉಳಿದ ಶಿಖರಗಳ ಗುಂಪಿನಲ್ಲಿ ಅದು ಇಲ್ಲವೇ ಇಲ್ಲ, ಅಲ್ಲಿ ಅದು ಹೈಯೆಸ್ಟ್ ಆಗುವುದು ಹೇಗೆ? "ದ ಹೈಯೆಸ್ಟ್ ಆಫ್ ಆಲ್ ದ ಪೀಕ್ಸ್ ಇನ್ ಕರ್ನಾಟಕ" ಅನ್ನಬೇಕು. ಎಸ್ಟ್ ಬಂದರೆ ಒಳಗೆ, ಎರ್ ಬಂದರೆ ಹೊರಗೆ. ಮಗಳಿಗೆ ಇಷ್ಟು ಹೇಳಿ, ಮೂರು ಸಾಲಿನ ಫಾರ್ಮುಲಾ ಅವಳೇ ಕಟ್ಟಿಕೊಳ್ಳುತ್ತಾಳೆ.


ಚನ್ನರಾಯಪಟ್ಟಣ ಎಳನೀರು

ಮೇಷ್ಟ್ರೇ, ಸೂಪರ್. ಇದಕ್ಕೆ ಸೇರಿಸುವುದು ಒಂದಿದೆ, "ಒನ್ ಆಫ್ ದ". ನಮ್ಮ ಕಡೆ ಟೂರಿಸ್ಟ್‌ಗಳಿಗೆ ಹೇಳುವಾಗ, ಬೋರ್ಡ್ ಬರೆಸುವಾಗ ಎಲ್ಲರೂ ಎಡವುವುದು ಅಲ್ಲೇ.

"ಶ್ರವಣಬೆಳಗೊಳದ ಗೊಮ್ಮಟ ಈಸ್ ಒನ್ ಆಫ್ ದ ಟಾಲೆಸ್ಟ್ ಸ್ಟ್ಯಾಚೂ" ಅಂತ ಬರೆಯುತ್ತಾರೆ. "ಸ್ಟ್ಯಾಚೂಸ್" ಆಗಬೇಕು. ಕನ್ನಡದಲ್ಲಿ "ಎತ್ತರದ ವಿಗ್ರಹಗಳಲ್ಲಿ ಒಂದು" ಅಂತ ಬಹುವಚನ ಸರಿಯಾಗಿ ಹೇಳುವ ಜನ ಇಂಗ್ಲಿಷಿಗೆ ಬಂದ ತಕ್ಷಣ ಅದನ್ನು ಎಲ್ಲಿ ಬಿಡುತ್ತಾರೋ ಗೊತ್ತಿಲ್ಲ. ಬಹುಶಃ "ಒನ್" ಅನ್ನುವುದು ಕಿವಿಗೆ ಬಿದ್ದ ಕೂಡಲೇ ಏಕವಚನ ಅಂತ ಕೈ ಓಡಿಬಿಡುತ್ತೆ.

ಎರಡನೇ ವಿಷಯ, "ಒನ್ ಆಫ್ ದ" ಇದ್ದರೆ "ನೋ ಅದರ್" ಹಾಕಲೇಬಾರದು. ಕುದುರೆಮುಖ ಕರ್ನಾಟಕದ ಎತ್ತರದ ಶಿಖರಗಳಲ್ಲಿ ಒಂದು, ಸರಿ. ಅದನ್ನು "ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಕುದುರೆಮುಖ" ಅಂತ ಮಾಡಿದರೆ ಗ್ರಾಮರ್ ಚೆನ್ನಾಗಿದೆ, ಮಾತು ಸುಳ್ಳು. ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ ಇದೆಯಲ್ಲ. ಅಲ್ಲಿ "ವೆರಿ ಫ್ಯೂ ಪೀಕ್ಸ್ ಇನ್ ಕರ್ನಾಟಕ ಆರ್ ಆ್ಯಸ್ ಹೈ ಆ್ಯಸ್ ಕುದುರೆಮುಖ" ಅನ್ನಬೇಕು. ಕಂಪ್ಯಾರಿಟಿವ್ ಆದರೆ "ಹೈಯರ್ ದ್ಯಾನ್ ಮೋಸ್ಟ್ ಅದರ್ ಪೀಕ್ಸ್".

ಮನೆಯಲ್ಲಿ ಅಭ್ಯಾಸ ಮಾಡಿಸಲು ಗೊಮ್ಮಟರೇ ಬೆಸ್ಟು. ಬೆಳಗೊಳ 57 ಅಡಿ, ಕಾರ್ಕಳ 42, ಧರ್ಮಸ್ಥಳ 39, ವೇಣೂರು 35. ನಾಲ್ಕು ಹೆಸರು, ನಾಲ್ಕು ಅಳತೆ. ವಯಸ್ಸೂ ಇದೆ: ಬೆಳಗೊಳದ್ದು ಚಾವುಂಡರಾಯನ ಕಾಲದ್ದು, ಕ್ರಿ.ಶ. 981ರ ಸುಮಾರಿಗೆ. ಕಾರ್ಕಳ 1432, ವೇಣೂರು 1604. ಧರ್ಮಸ್ಥಳದ್ದು ಕಳೆದ ಶತಮಾನದ್ದು. "ಟಾಲ್" ಮತ್ತು "ಓಲ್ಡ್" ಎರಡನ್ನೂ ಇಟ್ಟುಕೊಂಡು ಮಕ್ಕಳ ಕೈಲಿ ಎಷ್ಟು ವಾಕ್ಯ ಬೇಕಾದರೂ ಮಾಡಿಸಬಹುದು. ತಮಾಷೆ ಅಂದ್ರೆ ಧರ್ಮಸ್ಥಳದ್ದು ವೇಣೂರಿಗಿಂತ ಟಾಲರ್, ಆದರೆ ವೇಣೂರಿನದ್ದು ಧರ್ಮಸ್ಥಳಕ್ಕಿಂತ ಓಲ್ಡರ್. ಅಲ್ಲಿ ಫಾರ್ಮುಲಾ ಉರು ಹೊಡೆದವರು ಸಿಕ್ಕಿಬೀಳುತ್ತಾರೆ.


ಸಕಲೇಶಪುರ ರೋಬಸ್ಟಾ

ಇದೆಲ್ಲ ಯಾಕ್ರೀ ಬೇಕು ಮಕ್ಕಳಿಗೆ? ಒಂದೇ ಮಾತನ್ನು ಮೂರು ತರಹ ತಿರುಗಿಸಿ ಬರೆಯುವುದು. ಜೀವನದಲ್ಲಿ ಯಾರಾದರೂ ಬಂದು "ನೋ ಅದರ್ ಪೀಕ್ ಈಸ್ ಆ್ಯಸ್ ಹೈ ಆ್ಯಸ್" ಅಂತ ಮಾತಾಡಿದ್ದಾರಾ? ನಾನು ಕಾಫಿ ತೋಟ ಮಾಡಿಕೊಂಡಿದ್ದೇನೆ, ಬೆಂಗಳೂರಿನ ಪಾರ್ಟಿಗಳ ಜೊತೆ ಇಂಗ್ಲಿಷಿನಲ್ಲೇ ಮೇಲ್ ಬರೆಯುತ್ತೇನೆ. ಎಲ್ಲಾ ಅರ್ಥ ಆಗುತ್ತೆ ಅವರಿಗೆ. ಮೊನ್ನೆ ಬರೆದೆ, "ದ ಕೆಫೀನ್ ಕಂಟೆಂಟ್ ಆಫ್ ರೋಬಸ್ಟಾ ಈಸ್ ಹೈಯರ್ ದ್ಯಾನ್ ಅರೇಬಿಕಾ." ಏನು ತೊಂದರೆ? ಯಾರೂ ಕೆಂಪು ಗೆರೆ ಎಳೆಯಲಿಲ್ಲ.


ಅರಸೀಕೆರೆ ಮೇಷ್ಟ್ರು

ರೋಬಸ್ಟಾ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ತಿರುಗಿಸಿ ಬರೆಸುವ ಆ ಕಸರತ್ತು ಅತಿಯಾಯಿತು ಅಂತ ನನಗೂ ಅನ್ನಿಸುತ್ತೆ. ಮೂರೂ ವಾಕ್ಯ ಒಂದೇ ಅಂತ ಹೇಳಿಕೊಡುವುದೂ ಪೂರ್ತಿ ಸರಿಯಲ್ಲ. "ನೋ ಅದರ್ ಪೀಕ್ ಈಸ್ ಆ್ಯಸ್ ಹೈ" ಅನ್ನುವವನ ಒತ್ತು ಉಳಿದ ಶಿಖರಗಳ ಮೇಲೆ, "ಈಸ್ ದ ಹೈಯೆಸ್ಟ್" ಅನ್ನುವವನ ಒತ್ತು ಮುಳ್ಳಯ್ಯನಗಿರಿಯ ಮೇಲೆ. ಯಾವಾಗ ಯಾವುದನ್ನು ಆರಿಸಬೇಕು ಅನ್ನುವುದನ್ನು ಯಾರೂ ಕಲಿಸುವುದಿಲ್ಲ, ಬದಲಾಯಿಸು ಅಂತ ಮಾತ್ರ ಹೇಳುತ್ತೇವೆ.

ಆದರೆ ನೀವೇ ಕೊಟ್ಟ ವಾಕ್ಯ ನೋಡಿ. ರೋಬಸ್ಟಾದ ಕೆಫೀನ್ ಅಂಶವನ್ನು ಯಾವುದರ ಜೊತೆ ಹೋಲಿಸಿದ್ದೀರಿ? ಅರೇಬಿಕಾದ ಕೆಫೀನ್ ಜೊತೆ ಅಲ್ಲ, ಅರೇಬಿಕಾ ಜೊತೆ! ಒಂದು ಅಂಶ, ಒಂದು ಗಿಡ. ಎರಡನ್ನು ತಕ್ಕಡಿಯಲ್ಲಿ ಇಡುವಾಗ ಒಂದೇ ಜಾತಿಯದ್ದನ್ನು ಇಡಬೇಕಲ್ಲ. "ದ ಕೆಫೀನ್ ಕಂಟೆಂಟ್ ಆಫ್ ರೋಬಸ್ಟಾ ಈಸ್ ಹೈಯರ್ ದ್ಯಾನ್ ದ್ಯಾಟ್ ಆಫ್ ಅರೇಬಿಕಾ." ಆ "ದ್ಯಾಟ್ ಆಫ್" ಬೇಕು. ಅದು ಭಾರ ಅನ್ನಿಸಿದರೆ ಸುಮ್ನೆ "ರೋಬಸ್ಟಾ ಹ್ಯಾಸ್ ಮೋರ್ ಕೆಫೀನ್ ದ್ಯಾನ್ ಅರೇಬಿಕಾ" ಅನ್ನಿ. ಇನ್ನೂ ಚಿಕ್ಕದು, ಇನ್ನೂ ಚೆಂದ.

ಈ ತಪ್ಪು ನಮಗೆ ಯಾಕೆ ಕಾಣುವುದಿಲ್ಲ ಅಂದರೆ ಕನ್ನಡದಲ್ಲಿ ಇದು ತಪ್ಪೇ ಅಲ್ಲ. "ಹಾಸನದ ಜನಸಂಖ್ಯೆ ಮೈಸೂರಿಗಿಂತ ಕಡಿಮೆ" ಅಂತೀವಿ. ಯಾರೂ ಜನಸಂಖ್ಯೆಯನ್ನು ಊರಿಗೆ ಹೋಲಿಸಿದಿರಿ ಅನ್ನುವುದಿಲ್ಲ, ಅರ್ಥ ಆಗುತ್ತೆ. ಇಂಗ್ಲಿಷಿನ ಬರವಣಿಗೆ ಅದನ್ನು ಒಪ್ಪುವುದಿಲ್ಲ. ಅಲ್ಲಿ "ದ್ಯಾನ್ ದ್ಯಾಟ್ ಆಫ್ ಮೈಸೂರು" ಆಗಬೇಕು. ಪಾರ್ಟಿಗೆ ಅರ್ಥ ಆಯಿತು ನಿಜ. ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೀಗೆ ಬರೆದರೆ ಮಾತ್ರ ಕೆಂಪು ಗೆರೆ ಬೀಳುತ್ತೆ.


ಸಕಲೇಶಪುರ ರೋಬಸ್ಟಾ

ದ್ಯಾಟ್ ಆಫ್ ಒಪ್ಪಿದೆ. ಕಸರತ್ತು ಜಾಸ್ತಿ ಅನ್ನುವ ಮಾತು ಮಾತ್ರ ವಾಪಸ್ ತಗೊಳ್ಳಲ್ಲ 🙂


ಕಾಫಿನಾಡಿನ ಅಪ್ಪ, ಚಿಕ್ಕಮಗಳೂರು

ಮೇಷ್ಟ್ರೇ, ಒಳಗೆ ಹೊರಗೆ ಅಂತ ಹೇಳಿದ ಮೇಲೆ ಮಗಳು ಒಂದೇ ಸಲಕ್ಕೆ ಹಿಡಿದುಬಿಟ್ಟಳು. ಧನ್ಯವಾದ. ಅವಳೇ ಈಗ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ.

ಅವಳದ್ದೇ ಇನ್ನೊಂದು ಪ್ರಶ್ನೆ. "ಮೋರ್ ಬೆಟರ್" ತಪ್ಪು ಅಂತಾರೆ. "ಮಚ್ ಬೆಟರ್" ಸರಿ ಅಂತಾರೆ. ಎರಡಕ್ಕೂ ಜಾಸ್ತಿ ಅಂತಲೇ ಅರ್ಥ ಅಲ್ವಾ? ಮತ್ತೆ "ಗುಡ್" ಇಂದ "ಗುಡ್ಡರ್" ಯಾಕೆ ಆಗಲಿಲ್ಲ, "ಬೆಟರ್" ಎಲ್ಲಿಂದ ಬಂತು?


ಹಾಸನದ ಸುಮ

ಇದಕ್ಕೆ ನಾನು ಹೇಳ್ತೀನಿ, ಕನ್ನಡ ಎಂಎ ಮಾಡಿದವಳು, ಭಾಷಾಶಾಸ್ತ್ರ ಒಂದು ಪೇಪರ್ ಇತ್ತು, ಅಲ್ಲಿಂದ ಹಿಡಿದ ಹುಚ್ಚು.

ಮೊದಲು ನಮ್ಮ ಕನ್ನಡವನ್ನೇ ನೋಡಿ ಅಣ್ಣ. "ಎತ್ತರ" ಅನ್ನುವ ಪದ ಬದಲಾಗುವುದೇ ಇಲ್ಲ. "ರವಿ ಎತ್ತರ." "ರವಿ ಗಿರೀಶನಿಗಿಂತ ಎತ್ತರ." "ರವಿ ಎಲ್ಲರಿಗಿಂತ ಎತ್ತರ." ಮೂರರಲ್ಲೂ ಅದೇ ಎತ್ತರ. ಹೋಲಿಕೆಯ ಕೆಲಸ ಪೂರ್ತಿ ಮಾಡುವುದು "ಗಿಂತ". ಅದು ಕೂರುವುದು ಗಿರೀಶನ ಮೇಲೆ, ಎತ್ತರದ ಮೇಲಲ್ಲ. ಇಂಗ್ಲಿಷಿನಲ್ಲಿ "ದ್ಯಾನ್" ಒಂದೇ ಸಾಲದು, ಟಾಲ್ ಅನ್ನುವ ಪದವೂ ಬದಲಾಗಬೇಕು. ಅದಕ್ಕೇ ಕನ್ನಡ ತಲೆಯಲ್ಲಿ ಯೋಚಿಸುವ ಮಗು "ರವಿ ಈಸ್ ಟಾಲ್ ದ್ಯಾನ್ ಗಿರೀಶ್" ಅಂತ ಬರೆಯುತ್ತೆ. ದಡ್ಡತನ ಅಲ್ಲ ಅದು. ಕನ್ನಡದ ಲೆಕ್ಕದಲ್ಲಿ "ದ್ಯಾನ್" ಬಂದ ಮೇಲೆ ಕೆಲಸ ಮುಗಿಯಿತು.

ಈಗ "ಬೆಟರ್" ವಿಷಯ. ಕನ್ನಡಕ್ಕೆ ಬಂದ ಮೇಲೆ ಈ ಪದ ತನ್ನ ಹೋಲಿಕೆಯನ್ನೇ ಕಳೆದುಕೊಂಡಿದೆ. "ನಿನ್ನೆಗಿಂತ ಇವತ್ತು ಬೆಟರ್" ಅಂತೀವಿ, "ನಿನ್ನೆಗಿಂತ ಇವತ್ತು ಚೆನ್ನಾಗಿದೆ" ಅನ್ನುವ ಹಾಗೇ. ಗಿಂತ ಇದೆಯಲ್ಲ, ಹಾಗಾಗಿ ಬೆಟರ್ ನಮ್ಮ ಕಿವಿಗೆ ಬರೀ "ಪರವಾಗಿಲ್ಲ, ಚೆನ್ನಾಗಿದೆ" ಅಂತಲೇ ಕೇಳುತ್ತೆ. ಆಮೇಲೆ "ಇನ್ನೂ ಚೆನ್ನಾಗಿದೆ" ಅನ್ನಬೇಕಾದಾಗ ಇನ್ನೂ ಅನ್ನುವುದಕ್ಕೆ "ಮೋರ್" ಸೇರಿಸಿ "ಮೋರ್ ಬೆಟರ್" ಮಾಡುತ್ತೇವೆ. ಇಂಗ್ಲಿಷಿನವರ ಕಿವಿಗೆ ಬೆಟರ್‌ನಲ್ಲೇ ಮೋರ್ ಸೇರಿಕೊಂಡಿದೆ, ಎರಡು ಸಲ ಹೇಳಿದ ಹಾಗಾಯಿತು.

"ಮಚ್" ಮಾಡುವ ಕೆಲಸ ಬೇರೆ. ಎಷ್ಟು ವ್ಯತ್ಯಾಸ ಅನ್ನುವುದನ್ನು ಅದು ಹೇಳುತ್ತೆ. "ಮಚ್ ಬೆಟರ್", "ಫಾರ್ ಬೆಟರ್", "ಎ ಲಿಟ್ಲ್ ಬೆಟರ್". ಇನ್ನೂ ಅನ್ನುವುದಕ್ಕೆ ಸರಿಯಾದದ್ದು "ಈವನ್ ಬೆಟರ್" ಅಥವಾ "ಸ್ಟಿಲ್ ಬೆಟರ್". "ವೆರಿ ಬೆಟರ್" ಮಾತ್ರ ಇಲ್ಲ. ವೆರಿ ಬರುವುದು ಗುಡ್ ಜೊತೆ, ಮಚ್ ಬರುವುದು ಬೆಟರ್ ಜೊತೆ.

ಮತ್ತೆ, ಮೋರ್ ಬೆಟರ್ ಅಂದವರನ್ನು ನೋಡಿ ನಗುವ ಹಾಗೂ ಇಲ್ಲ. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ದೊಡ್ಡ ದೊಡ್ಡ ಬರಹಗಾರರೇ ಒತ್ತು ಕೊಡಲು ಮೋರ್ ಮತ್ತು ಎರ್ ಎರಡನ್ನೂ ಒಟ್ಟಿಗೆ ಹಾಕುತ್ತಿದ್ದರು. ಆಮೇಲೆ ವ್ಯಾಕರಣದವರು ಅದನ್ನು ತಪ್ಪು ಅಂತ ಮಾಡಿದರು. ನಾವೂ ಕಡಿಮೆಯೇನಿಲ್ಲ. ಸಂಸ್ಕೃತದ ಶ್ರೇಷ್ಠ, ಕನಿಷ್ಠ, ಗರಿಷ್ಠ, ಜ್ಯೇಷ್ಠ, ಇವೆಲ್ಲ ಸೂಪರ್ಲೇಟಿವ್‌ಗಳೇ. ಆದರೂ "ಅತ್ಯಂತ ಶ್ರೇಷ್ಠ", "ಅತಿ ಕನಿಷ್ಠ" ಅಂತ ಭಾಷಣದಲ್ಲಿ ಹೇಳ್ತೀವಿ ಅಲ್ವಾ? ಅದೂ "ಮೋಸ್ಟ್ ಬೆಸ್ಟ್" ಜಾತಿಯದ್ದೇ. ಇನ್ನೊಂದು ಮಜಾ ವಿಷಯ, ಆ "ಇಷ್ಠ" ಮತ್ತು ಇಂಗ್ಲಿಷಿನ "ಎಸ್ಟ್" ಒಂದೇ ಮೂಲದಿಂದ ಬಂದ ದಾಯಾದಿಗಳು. ಸಂಸ್ಕೃತ, ಇಂಗ್ಲಿಷ್ ಎರಡೂ ಇಂಡೋ-ಯುರೋಪಿಯನ್ ಕುಟುಂಬ. ಕನ್ನಡದ ಮನೆತನ ಬೇರೆ, ಅದಕ್ಕೇ ನಮ್ಮದೇ ಆದ ಎತ್ತರ, ದೊಡ್ಡ, ಸಣ್ಣ, ಇವಕ್ಕೆ ಅಂಥ ಬಾಲ ಇಲ್ಲ.

ಗುಡ್ಡರ್ ಆಗದಿರುವುದಕ್ಕೆ ಕಾರಣ, ಗುಡ್ ಒಂದು ಬೇರಿನಿಂದ ಬಂದ ಪದ, ಬೆಟರ್ ಮತ್ತು ಬೆಸ್ಟ್ ಬೇರೊಂದು ಬೇರಿನವು. ಬಹಳ ಹಳೇ ಕಾಲದಲ್ಲೇ ಇವು ಒಂದಾಗಿಬಿಟ್ಟಿವೆ. ಇಂಗ್ಲಿಷಿನ ಸೋದರ ಭಾಷೆ ಜರ್ಮನ್‌ನಲ್ಲೂ ಒಳ್ಳೆಯದಕ್ಕೆ "ಗುಟ್", ಅದಕ್ಕಿಂತ ಒಳ್ಳೆಯದಕ್ಕೆ "ಬೆಸ್ಸರ್". ಬ್ಯಾಡ್, ವರ್ಸ್ ಕೂಡ ಹೀಗೇ. ದಿನಾ ಬಳಸುವ ಪದಗಳಲ್ಲೇ ಇಂಥ ವಕ್ರತನ ಉಳಿಯುವುದು. ಅಪರೂಪದ ಪದ ಆಗಿದ್ದರೆ ಜನ ಮರೆತು ಯಾವತ್ತೋ ಗುಡ್ಡರ್ ಮಾಡಿಬಿಡುತ್ತಿದ್ದರು.


ಬೇಲೂರು ಎಕ್ಸಾಂ ವಾರಿಯರ್

ಮೇಡಂ, ಎರ್ ಯಾವಾಗ, ಮೋರ್ ಯಾವಾಗ? ನಮ್ಮ ಗೈಡ್‌ನಲ್ಲಿ ಎರಡು ಪುಟ ಲಿಸ್ಟ್ ಇದೆ.


ಹಾಸನದ ಸುಮ

ಲಿಸ್ಟ್ ಬೇಡ, ಬಾಯಲ್ಲಿ ಹೇಳಿ ನೋಡಿ. ಒಂದೇ ತುಂಡಿನ (ಸಿಲೆಬಲ್) ಪದ ಆದರೆ ಎರ್: ಟಾಲರ್, ಹಾಟರ್, ಕೋಲ್ಡರ್. ಮೂರು, ನಾಲ್ಕು ತುಂಡು ಇದ್ದರೆ ಮೋರ್: ಮೋರ್ ಬ್ಯೂಟಿಫುಲ್, ಮೋರ್ ಎಕ್ಸ್‌ಪೆನ್ಸಿವ್. ತಲೆನೋವು ಎರಡು ತುಂಡಿನವು. ವೈ ಇಂದ ಮುಗಿದರೆ ಎರ್, ಹ್ಯಾಪಿಯರ್, ಈಸಿಯರ್, ಬರೆಯುವಾಗ ವೈ ಹೋಗಿ ಐ ಬರುತ್ತೆ. ನ್ಯಾರೋ, ಸಿಂಪಲ್ ಥರದವೂ ಎರ್ ತಗೊಳ್ಳುತ್ತವೆ. ಫುಲ್, ಲೆಸ್ ಬಾಲ ಇದ್ದರೆ ಮೋರ್: ಮೋರ್ ಯೂಸ್‌ಫುಲ್, ಮೋರ್ ಕೇರ್‌ಲೆಸ್. ಪರೀಕ್ಷೆಯಲ್ಲಿ ಕಾಡುವುದು ಟೈರ್ಡ್, ಬೋರ್ಡ್ (ಬೇಸರ ಆದ) ಥರದ ಪದ. ಕೇಳಲು ಒಂದೇ ತುಂಡು, ಆದರೆ ಕ್ರಿಯಾಪದದಿಂದ ಬಂದವು, ಹಾಗಾಗಿ ಮೋರ್ ಟೈರ್ಡ್. ಕ್ಲೆವರ್, ಕಾಮನ್ ಥರದವಕ್ಕೆ ಎರಡೂ ನಡೆಯುತ್ತೆ, ತಲೆ ಕೆಡಿಸಿಕೊಳ್ಳಬೇಡಿ.


ಕೊಟ್ಟಿಗೆಹಾರ ಹೋಂಸ್ಟೇ

ನಾನು ಗ್ರಾಮರ್ ಓದಿದವನಲ್ಲ, ಗೆಸ್ಟ್‌ಗಳ ಜೊತೆ ಮಾತಾಡಿ ಕಲಿತವನು. ಮಂಗಳೂರಿಗೆ ಇಳಿಯುವವರು ಪ್ರತಿಸಲ ಕೇಳುತ್ತಾರೆ, ಚಾರ್ಮಾಡಿಯೋ ಶಿರಾಡಿಯೋ ಅಂತ. ನಾನು "ಚಾರ್ಮಾಡಿ ಈಸ್ ದ ನ್ಯಾರೋಯೆಸ್ಟ್" ಅನ್ನುತ್ತಿದ್ದೆ. ಒಬ್ಬರು ಗೆಸ್ಟ್, ಅವರೂ ಟೀಚರ್ ಅಂತೆ, ಇರುವುದು ಎರಡು ರಸ್ತೆ, "ದ ನ್ಯಾರೋವರ್ ಆಫ್ ದ ಟೂ" ಅನ್ನಬೇಕು ಅಂದರು. ಎರಡೇ ಇದ್ದರೆ ಎಸ್ಟ್ ಬರುವುದೇ ಇಲ್ವಾ? ಮತ್ತೆ ಎರ್ ಜೊತೆ "ದ" ಹೇಗೆ ಬಂತು?

ಇನ್ನೊಂದು. ಚಾರ್ಮಾಡಿಯಲ್ಲಿ ಲಾರಿ ಓಡಾಟ ಕಡಿಮೆ ಅನ್ನುವುದಕ್ಕೆ "ಲೆಸ್ ಕ್ರೌಡೆಡ್" ಸರಿನಾ?


ಅರಸೀಕೆರೆ ಮೇಷ್ಟ್ರು

ಆ ಗೆಸ್ಟ್ ಹೇಳಿದ್ದು ಪಕ್ಕಾ. ಎರಡರಲ್ಲಿ ಒಂದನ್ನು ಬೊಟ್ಟು ಮಾಡಿ ತೋರಿಸುತ್ತಿದ್ದೀರಿ, ಇದೇ ಅಂತ. ಅದಕ್ಕೆ "ದ". "ಚಾರ್ಮಾಡಿ ಈಸ್ ನ್ಯಾರೋವರ್ ದ್ಯಾನ್ ಶಿರಾಡಿ" ಅಂದಾಗ ಬೊಟ್ಟು ಮಾಡುತ್ತಿಲ್ಲ, ಬರೀ ಹೋಲಿಸುತ್ತಿದ್ದೀರಿ, ಅಲ್ಲಿ "ದ" ಬೇಡ. ಬರವಣಿಗೆಯಲ್ಲಿ ಎರಡಕ್ಕೆ ಎರ್, ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಸ್ಟ್. ಮಾತಿನಲ್ಲಿ ಇಂಗ್ಲಿಷಿನವರೇ ಎರಡಕ್ಕೂ ಎಸ್ಟ್ ಅಂದುಬಿಡುತ್ತಾರೆ, ನೀವು ಗೆಸ್ಟ್ ಜೊತೆ ಧೈರ್ಯವಾಗಿ ಮಾತಾಡಿ.

"ಲೆಸ್ ಕ್ರೌಡೆಡ್" ಸರಿಯೇ. ಕಡಿಮೆ ಅನ್ನಲು ಇಂಗ್ಲಿಷಿನಲ್ಲಿ ಎರ್ ಥರದ ಬಾಲ ಇಲ್ಲ, ಪದ ಉದ್ದ ಇರಲಿ ಗಿಡ್ಡ ಇರಲಿ "ಲೆಸ್" ಒಂದೇ. ಚಿಕ್ಕ ಪದಗಳ ಜೊತೆ ಮಾತ್ರ ಅದು ಸ್ವಲ್ಪ ಒಡ್ಡಾಗಿ ಕೇಳುತ್ತೆ, "ಲೆಸ್ ಟಾಲ್" ಅನ್ನುವುದಕ್ಕಿಂತ "ನಾಟ್ ಆ್ಯಸ್ ಟಾಲ್ ಆ್ಯಸ್" ಸಹಜ.

ಮಾತು ಬಂತು ಅಂತ ಹೇಳ್ತೀನಿ, ನಮ್ಮ ಜಿಲ್ಲೆಯಲ್ಲಿ ಮನೆ ಮನೆಯಲ್ಲಿ ಕೇಳುವುದು "ಹಿ ಈಸ್ ಎಲ್ಡರ್ ಟು ಮಿ". ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಇವು ಲ್ಯಾಟಿನ್‌ನಿಂದ ಬಂದ ಕಂಪ್ಯಾರಿಟಿವ್‌ಗಳು, ಇವಕ್ಕೆ "ದ್ಯಾನ್" ಬದಲು "ಟು" ಬರುತ್ತೆ. ಆಫೀಸಿನಲ್ಲಿ "ಸೀನಿಯರ್ ಟು ಮಿ" ಅಂದು ಅಂದು ಅದೇ "ಟು" ಎಲ್ಡರ್‌ಗೂ ಅಂಟಿಕೊಂಡಿದೆ. "ಎಲ್ಡರ್" ಬಳಸುವುದು ಮನೆಯವರ ವಿಷಯದಲ್ಲಿ, ಅದೂ ಹೆಚ್ಚಾಗಿ ನಾಮಪದಕ್ಕೆ ಮೊದಲು: ಮೈ ಎಲ್ಡರ್ ಬ್ರದರ್. ಹೋಲಿಸಬೇಕಾದರೆ "ಹಿ ಈಸ್ ಓಲ್ಡರ್ ದ್ಯಾನ್ ಮಿ". ದೇವಸ್ಥಾನಕ್ಕೆ, ಮರಕ್ಕೆ ಎಲ್ಡರ್ ಇಲ್ಲವೇ ಇಲ್ಲ. 1117ರ ಬೇಲೂರು ಚೆನ್ನಕೇಶವ ದೇವಸ್ಥಾನ ಸೋಮನಾಥಪುರಕ್ಕಿಂತ ಓಲ್ಡರ್, ಎಲ್ಡರ್ ಅಲ್ಲ.


ಬೇಲೂರು ಎಕ್ಸಾಂ ವಾರಿಯರ್

"ದ್ಯಾನ್ ಮಿ" ಸರಿನಾ ಸಾರ್? "ದ್ಯಾನ್ ಐ" ಅಂತ ಗೈಡ್‌ನಲ್ಲಿದೆ.


ಅರಸೀಕೆರೆ ಮೇಷ್ಟ್ರು

ಪರೀಕ್ಷೆಯಲ್ಲಿ "ದ್ಯಾನ್ ಐ" ಅಥವಾ "ದ್ಯಾನ್ ಐ ಆ್ಯಮ್" ಬರೆಯಿರಿ, ಕೀ ಉತ್ತರದಲ್ಲಿ ಅದೇ ಇರುವ ಸಾಧ್ಯತೆ ಜಾಸ್ತಿ. ಮಾತಿನಲ್ಲಿ "ದ್ಯಾನ್ ಮಿ" ಎಲ್ಲಾ ಕಡೆ ನಡೆಯುತ್ತೆ. ಎಲ್ಲಿ ಎಚ್ಚರ ಬೇಕು ಅಂದರೆ, "ಶಿ ಲೈಕ್ಸ್ ಹಿಮ್ ಮೋರ್ ದ್ಯಾನ್ ಐ" ಅಂದರೆ ನಾನು ಅವನನ್ನು ಇಷ್ಟಪಡುವುದಕ್ಕಿಂತ ಅವಳು ಜಾಸ್ತಿ ಇಷ್ಟಪಡುತ್ತಾಳೆ. "ಮೋರ್ ದ್ಯಾನ್ ಮಿ" ಅಂದರೆ ನನಗಿಂತ ಅವನ ಮೇಲೆ ಅವಳಿಗೆ ಪ್ರೀತಿ ಜಾಸ್ತಿ ಅಂತಲೂ ಆಗುತ್ತೆ. ಆಮೇಲೆ ಜಗಳ ಆದರೆ ನನ್ನನ್ನು ಕೇಳಬೇಡಿ.


ಸಕಲೇಶಪುರ ರೋಬಸ್ಟಾ

ಈಗ ಗ್ರಾಮರ್ ಇಂಟರೆಸ್ಟಿಂಗ್ ಆಗುತ್ತಿದೆ ನೋಡಿ. ಇದನ್ನು ಯಾವ ಸ್ಕೂಲಿನಲ್ಲೂ ಹೇಳಿಕೊಡಲಿಲ್ಲ.


ಕಾಫಿನಾಡಿನ ಅಪ್ಪ, ಚಿಕ್ಕಮಗಳೂರು

ಎಲ್ಲರಿಗೂ ಥ್ಯಾಂಕ್ಸ್. ಮಗಳು ಗೊಮ್ಮಟರ ಲೆಕ್ಕ ಹಿಡಿದು ಕೂತಿದ್ದಾಳೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದಾಳೆ. ಈ ನಾಲ್ಕರಲ್ಲಿ "ಕಾರ್ಕಳ ಈಸ್ ದ ಸೆಕೆಂಡ್ ಟಾಲೆಸ್ಟ್". ಇದನ್ನು ಕಂಪ್ಯಾರಿಟಿವ್ ಮಾಡುವುದು ಹೇಗೆ? "ಟಾಲರ್ ದ್ಯಾನ್ ಎನಿ ಅದರ್" ಅಂದರೆ ಬೆಳಗೊಳ ಅಡ್ಡ ಬರುತ್ತೆ ಅಂತಾಳೆ. ಇದು ಪುಸ್ತಕದಲ್ಲಿ ಇಲ್ಲ, ಅವಳೇ ಹುಟ್ಟುಹಾಕಿದ ಪ್ರಶ್ನೆ.


ಅರಸೀಕೆರೆ ಮೇಷ್ಟ್ರು

ಭೇಷ್! ಬೆಳಗೊಳ ಅಡ್ಡ ಬರುತ್ತೆ ಅಂತ ಕಂಡಿತಲ್ಲ, ಮುಕ್ಕಾಲು ಪಾಲು ಉತ್ತರ ಅಲ್ಲೇ ಇದೆ. ಅಡ್ಡ ಬಂದಿದ್ದನ್ನು ಹೆಸರು ಹೇಳಿ ಪಕ್ಕಕ್ಕೆ ಸರಿಸಬೇಕು. "ಎಕ್ಸೆಪ್ಟ್ ಫಾರ್ ಶ್ರವಣಬೆಳಗೊಳ, ಕಾರ್ಕಳ ಈಸ್ ಟಾಲರ್ ದ್ಯಾನ್ ಎನಿ ಅದರ್ ಆಫ್ ದ ಫೋರ್." ಅಥವಾ ಇನ್ನೂ ಸಲೀಸಾಗಿ, "ಓನ್ಲಿ ಒನ್ ಆಫ್ ದ ಫೋರ್ ಈಸ್ ಟಾಲರ್ ದ್ಯಾನ್ ಕಾರ್ಕಳ." ಎರಡನೆಯದರಲ್ಲಿ "ಅದರ್" ಇಲ್ಲ ನೋಡಿ. ಯಾಕೆ ಇಲ್ಲ ಅಂತ ಅವಳನ್ನೇ ಕೇಳಿ, ಉತ್ತರ ಇಲ್ಲಿ ಹಾಕಿ.


ಕಾಫಿನಾಡಿನ ಅಪ್ಪ, ಚಿಕ್ಕಮಗಳೂರು

ಕೇಳಿದೆ. "ಅಲ್ಲಿ ಒನ್ ಅಂದಿದ್ದು ಬೆಳಗೊಳ ಅಂತ ಗೊತ್ತೇ ಇದೆ, ಕಾರ್ಕಳ ತನಗಿಂತ ತಾನೇ ಉದ್ದ ಅಂತ ಆ ವಾಕ್ಯ ಎಲ್ಲೂ ಹೇಳಲ್ಲ, ಮತ್ಯಾಕೆ ಅದರ್" ಅಂದಳು. ಸರಿನಾ ಮೇಷ್ಟ್ರೇ?


ಅರಸೀಕೆರೆ ಮೇಷ್ಟ್ರು

ಪೂರ್ತಿ ಸರಿ. ಇನ್ನು "ಓಲ್ಡ್" ಹಿಡಿದು ಅದೇ ನಾಲ್ಕಕ್ಕೆ "ಥರ್ಡ್ ಓಲ್ಡೆಸ್ಟ್" ಮಾಡಲು ಹೇಳಿ. ಅಲ್ಲಿ ವೇಣೂರಿಗೆ ಇಬ್ಬರು ಅಡ್ಡ ಬರುತ್ತಾರೆ.